ಉದ್ಯೋಗ ವಿನಿಮಯ ಕೇಂದ್ರಗಳ ರೂವಾರಿ ವಿಲಿಯಂ ಬೆವರಿಜ್

ವ್ಯಾಸಂಗ ಮುಗಿದೊಡನೆ ಅಂಕಪಟ್ಟಿಗಳನ್ನು ಹಿಡಿದು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತು ಹೆಸರು ನೋಂದಾಯಿಸುವುದು ಹಲವು ದಶಕಗಳ ಕಾಲ ಕರ್ನಾಟಕದ ಯುವಜನರ ವಾಡಿಕೆಯಾಗಿತ್ತು. ನೋಂದಣಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಅವಧಿ ಮೀರದಂತೆ ನವೀಕರಿಸುತ್ತಾ, ಸಂದರ್ಶನದ ಕರೆಗಾಗಿ ಅಂಚೆಯಣ್ಣನ ದಾರಿ ಕಾದವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಆದರೆ ಕೆಲಸ ಹುಡುಕುವವನಿಗೆ ನೆರವಾಗುವುದು ಸರ್ಕಾರದ ಕರ್ತವ್ಯವೆಂಬ ವಿಚಾರ ಎಲ್ಲಿಂದ ಬಂತು, ಅದಕ್ಕೆ ಕಚೇರಿಯ ರೂಪ ಕೊಟ್ಟವರು ಯಾರು ಎಂಬುದು ಅನೇಕರಿಗೆ ತಿಳಿದಿರಲಾರದು. ಆ ವ್ಯವಸ್ಥೆಯನ್ನು ಒಂದು ಇಡೀ ದೇಶದ ಮಟ್ಟದಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ಅಗ್ರಗಣ್ಯರು ಬ್ರಿಟನ್ನಿನ ವಿಲಿಯಂ ಹೆನ್ರಿ ಬೆವರಿಜ್. ಅವರು ಹುಟ್ಟಿದ್ದು ಭಾರತದ ನೆಲದಲ್ಲಿ ಎಂಬುದು ಇನ್ನೊಂದು ವಿಶೇಷ.

ಬಂಗಾಳದಲ್ಲಿ ಜನನ

1879ರ ಮಾರ್ಚ್ 5ರಂದು ಅಂದಿನ ಬಂಗಾಳ ಪ್ರಾಂತ್ಯದ, ಇಂದಿನ ಬಾಂಗ್ಲಾದೇಶದ ರಂಗಪುರದಲ್ಲಿ ಬೆವರಿಜ್ ಜನಿಸಿದರು. ತಂದೆ ಹೆನ್ರಿ ಬೆವರಿಜ್ ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿ, ನ್ಯಾಯಾಧೀಶರಾಗಿ ದುಡಿದವರು, ಬಾಕರ್‌ಗಂಜ್ ಜಿಲ್ಲೆಯ ಇತಿಹಾಸವನ್ನು ಬರೆದವರು, ಅಕ್ಬರ್‌ನಾಮಾವನ್ನು ಇಂಗ್ಲಿಷಿಗೆ ತಂದವರು. ತಾಯಿ ಆನೆಟ್ ಅಕ್ರಾಯ್ಡ್, ಬ್ರಹ್ಮಸಮಾಜದ ಕೇಶವಚಂದ್ರ ಸೇನರ ಮಾತಿನಿಂದ ಪ್ರೇರಿತರಾಗಿ 1872ರಲ್ಲಿ ಕಲ್ಕತ್ತೆಗೆ ಬಂದು, ಮರುವರ್ಷ ಹೆಣ್ಣುಮಕ್ಕಳಿಗಾಗಿ ಹಿಂದೂ ಮಹಿಳಾ ವಿದ್ಯಾಲಯವನ್ನು ತೆರೆದ ಮಹಿಳೆ. ಮುಂದೆ ಆಕೆ ಗುಲ್ಬದನ್ ಬೇಗಂಳ ಹುಮಾಯೂನ್‌ನಾಮಾವನ್ನೂ ಬಾಬರ್‌ನಾಮಾವನ್ನೂ ಅನುವಾದಿಸಿ ಇತಿಹಾಸ ವಿದ್ಯಾರ್ಥಿಗಳ ಕೃತಜ್ಞತೆಗೆ ಪಾತ್ರರಾದರು. 1883ರಲ್ಲಿ ಇಲ್ಬರ್ಟ್ ಮಸೂದೆಯ ವಿವಾದವೆದ್ದಾಗ ಪತಿ ಮಸೂದೆಯ ಪರ ನಿಂತರೆ ಪತ್ನಿ ಬಹಿರಂಗವಾಗಿ ವಿರೋಧಿಸಿದರು. ಇಂಥ ವಿದ್ವತ್ತು ಮತ್ತು ವಾದವಿವಾದಗಳ ಮನೆಯ ಮಗ ವಿಲಿಯಂ.

ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ತೆರಳಿದ ಅವರು ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಗಣಿತ ಮತ್ತು ಪ್ರಾಚೀನ ಭಾಷಾ ಸಾಹಿತ್ಯಗಳಲ್ಲಿ ಪ್ರಥಮ ದರ್ಜೆ ಪಡೆದರು. ಅನಂತರ ಕಾನೂನು ಅಭ್ಯಾಸಕ್ಕೆ ತೊಡಗಿದರು. ವಕೀಲಿ ವೃತ್ತಿ ಹಿಡಿದಿದ್ದರೆ ಹಣಕ್ಕೂ ಪ್ರತಿಷ್ಠೆಗೂ ಕೊರತೆಯಾಗುತ್ತಿರಲಿಲ್ಲ. ಆದರೆ 1903ರಲ್ಲಿ ಅವರು ಆರಿಸಿಕೊಂಡದ್ದು ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯಲ್ಲಿದ್ದ ಟಾಯ್ನ್‌ಬೀ ಹಾಲ್ ಎಂಬ ಸೇವಾಸಂಸ್ಥೆಯ ಉಪಪಾಲಕನ ಹುದ್ದೆಯನ್ನು. ವಿದ್ಯಾವಂತ ತರುಣರು ಬಡವರ ನಡುವೆ ವಾಸಿಸಿ ಅವರ ಬದುಕನ್ನು ಅರಿಯಬೇಕೆಂಬ ಉದ್ದೇಶದಿಂದ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ 1884ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಮಗನ ಈ ನಿರ್ಧಾರ ತಂದೆತಾಯಿಗಳಿಗೆ ಸುಲಭವಾಗಿ ರುಚಿಸಲಿಲ್ಲ.

ಬಂದರಿನ ಬಾಗಿಲಲ್ಲಿ ಕಂಡ ಸತ್ಯ

ಅಂದಿನ ಇಂಗ್ಲೆಂಡಿನಲ್ಲಿ ಕೆಲಸವಿಲ್ಲದವನೆಂದರೆ ಸೋಮಾರಿ, ಕುಡುಕ ಅಥವಾ ಅಯೋಗ್ಯನೆಂಬ ಭಾವನೆ ಬಲವಾಗಿತ್ತು. 1834ರ ಬಡವರ ಕಾಯಿದೆಯ ತಿರುಳೂ ಅದೇ ಆಗಿತ್ತು. ಶಕ್ತನಾದ ಬಡವನಿಗೆ ನೆರವು ಬೇಕೆಂದರೆ ಆತ ಸೆರೆಮನೆಯನ್ನು ಹೋಲುವ ದುಡಿಮೆ ಮನೆಯ ಬಾಗಿಲು ತಟ್ಟಬೇಕು. ಅಲ್ಲಿಯ ಬದುಕು ಹೊರಗಿನ ಅತ್ಯಂತ ಬಡ ಕೂಲಿಯ ಬದುಕಿಗಿಂತಲೂ ಕೀಳಾಗಿರಬೇಕು ಎಂಬುದು ಆ ಕಾಯಿದೆಯ ನೀತಿ.

ವೈಟ್‌ಚಾಪೆಲ್‌ಗೆ ಸಮೀಪದಲ್ಲಿಯೇ ಲಂಡನ್ನಿನ ಹಡಗುಕಟ್ಟೆಗಳಿದ್ದವು. ಪ್ರತಿದಿನ ಮುಂಜಾನೆ ನೂರಾರು ಮಂದಿ ಕಟ್ಟೆಯ ಬಾಗಿಲಲ್ಲಿ ನೆರೆಯುತ್ತಿದ್ದರು. ಮೇಸ್ತ್ರಿ ಹೊರಬಂದು ತನಗೆ ಬೇಕಾದಷ್ಟು ಜನರನ್ನು ಆರಿಸಿಕೊಳ್ಳುತ್ತಿದ್ದ. ಉಳಿದವರು ಬರಿಗೈಯಲ್ಲಿ ಮರಳುತ್ತಿದ್ದರು. ವಾರದಲ್ಲಿ ಎರಡು ಮೂರು ದಿನ ಕೂಲಿ, ಮಿಕ್ಕ ದಿನ ಉಪವಾಸ. ಪೂರ್ಣ ನಿರುದ್ಯೋಗವಲ್ಲ, ಪೂರ್ಣ ಉದ್ಯೋಗವೂ ಅಲ್ಲ. ಈ ಅರೆ ದುಡಿಮೆಯೇ ಕುಟುಂಬಗಳನ್ನು ನಿರಂತರ ದಾರಿದ್ರ್ಯದಲ್ಲಿ ಇಟ್ಟಿತ್ತು.

ಬೆವರಿಜ್ ಇದನ್ನು ಕನಿಕರದಿಂದ ನೋಡಿ ಸುಮ್ಮನಾಗಲಿಲ್ಲ. ಗಣಿತದ ವಿದ್ಯಾರ್ಥಿಯಂತೆ ಲೆಕ್ಕ ಹಾಕಿದರು. ಪ್ರತಿಯೊಂದು ಕಟ್ಟೆಯೂ ತನ್ನ ಅತಿ ಹೆಚ್ಚು ಕೆಲಸದ ದಿನಕ್ಕೆ ಬೇಕಾಗುವಷ್ಟು ಆಳುಗಳನ್ನು ತನ್ನ ಬಾಗಿಲಲ್ಲೇ ಕಾಯಿಸಿ ಇಟ್ಟುಕೊಂಡಿತ್ತು. ಉದಾಹರಣೆಗೆ ಹತ್ತು ಕಟ್ಟೆಗಳು ತಲಾ 50 ಮಂದಿಯನ್ನು ಹೀಗೆ ಹೆಚ್ಚುವರಿಯಾಗಿ ಕಾಯಿಸಿದರೆ ಒಟ್ಟು 500 ಮಂದಿ ಕಾಯಬೇಕಾಗುತ್ತದೆ. ಆದರೆ ಹತ್ತೂ ಕಟ್ಟೆಗಳಿಗೆ ಒಂದೇ ದಿನ ಹಡಗುಗಳು ಬರುವುದಿಲ್ಲ. ಎಲ್ಲ ಕಟ್ಟೆಗಳಿಗೂ ಸೇರಿ ಒಂದೇ ನೋಂದಣಿ ಕಚೇರಿ ಇದ್ದು, ಒಂದು ಕಡೆ ಬಿಡುವಾದವನನ್ನು ಇನ್ನೊಂದು ಕಡೆಗೆ ಕಳುಹಿಸಿದರೆ ಅದರಲ್ಲಿ ಒಂದು ಭಾಗದಷ್ಟು ಜನರೇ ಸಾಕು. ಅವರಿಗೆ ವಾರವಿಡೀ ಕೂಲಿಯೂ ದೊರೆಯುತ್ತದೆ. ಹಾಗಾದರೆ ಬಡತನಕ್ಕೆ ಕಾರಣ ಕೂಲಿಕಾರನ ಶೀಲವಲ್ಲ, ಕೂಲಿ ಮಾರುಕಟ್ಟೆಯ ಅವ್ಯವಸ್ಥೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಈ ವಾದಕ್ಕೆ ಒಂದು ಕಹಿ ಮುಖವೂ ಇತ್ತು. ಕೆಲವರಿಗೆ ನಿತ್ಯದ ಕೆಲಸ ಖಚಿತವಾದರೆ ಉಳಿದವರಿಗೆ ಆ ಕಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ಅವರನ್ನು ತರಬೇತಿ ಕೊಟ್ಟು ಬೇರೆ ಕಸುಬಿಗೆ ಹಚ್ಚಬೇಕು. ಯಾವ ಕೆಲಸಕ್ಕೂ ಸಲ್ಲದವರೆಂದು ತಾವು ಬಗೆದವರ ವಿಷಯದಲ್ಲಂತೂ ತರುಣ ಬೆವರಿಜ್ ತೀರ ನಿಷ್ಠುರರಾಗಿದ್ದರು. ಅಂಥವರಿಗೆ ಪೌರ ಹಕ್ಕುಗಳನ್ನೇ ನಿರಾಕರಿಸಬೇಕೆಂಬ ಮಟ್ಟಕ್ಕೆ ಅವರ ಆ ಕಾಲದ ಬರಹ ಹೋಗಿತ್ತು. ಅವರ ಕೀರ್ತಿಗೆ ಅಂಟಿದ ಈ ಕಲೆಯನ್ನು ಇತಿಹಾಸಕಾರರು ಮರೆಮಾಚಿಲ್ಲ.

ಪತ್ರಿಕೆಯಿಂದ ಸರ್ಕಾರಕ್ಕೆ

1905ರಲ್ಲಿ ನಿರುದ್ಯೋಗಿ ಕಾರ್ಮಿಕರ ಕಾಯಿದೆ ಜಾರಿಗೆ ಬಂದಾಗ ಲಂಡನ್ ನಗರಕ್ಕೆ ಒಂದು ಕೇಂದ್ರ ಮಂಡಳಿ ರಚನೆಯಾಯಿತು. ಬೆವರಿಜ್ ಅದರ ಸದಸ್ಯರಾಗಿ ನಗರದಲ್ಲಿ ಉದ್ಯೋಗ ನೋಂದಣಿ ಕಚೇರಿಗಳನ್ನು ನಡೆಸುವ ಹೊಣೆ ಹೊತ್ತರು. ಇದೇ ವೇಳೆಗೆ ಮಾರ್ನಿಂಗ್ ಪೋಸ್ಟ್ ಪತ್ರಿಕೆ ಅವರನ್ನು ಸಂಪಾದಕೀಯ ಲೇಖಕರನ್ನಾಗಿ ನೇಮಿಸಿಕೊಂಡಿತು. ಸಂಪ್ರದಾಯವಾದಿಗಳ ಆ ಪತ್ರಿಕೆಯ ಅಂಕಣಗಳಲ್ಲಿಯೇ ಅವರು ಉದ್ಯೋಗ ಕೇಂದ್ರಗಳ ಅಗತ್ಯವನ್ನು ಮತ್ತೆ ಮತ್ತೆ ಪ್ರತಿಪಾದಿಸಿದರು. 1907ರಲ್ಲಿ ಜರ್ಮನಿಗೆ ಹೋಗಿ ಅಲ್ಲಿಯ ನಗರಗಳು ನಡೆಸುತ್ತಿದ್ದ ಉದ್ಯೋಗ ಕಚೇರಿಗಳನ್ನೂ ಕಾರ್ಮಿಕ ವಿಮೆಯ ಪದ್ಧತಿಯನ್ನೂ ಕಣ್ಣಾರೆ ಕಂಡು ಬಂದರು.

ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿಯ ಮೂಲಕ ಅವರ ಹೆಸರು ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದ ತರುಣ ಸಚಿವ ವಿನ್‌ಸ್ಟನ್ ಚರ್ಚಿಲ್ ಅವರಿಗೆ ತಲುಪಿತು. 1908ರಲ್ಲಿ ಬೆವರಿಜ್ ಆ ಇಲಾಖೆಗೆ ಸೇರಿದರು. ಮರುವರ್ಷ ಅವರ ಹೆಸರಾಂತ ಗ್ರಂಥ ಹೊರಬಂದಿತು. ನಿರುದ್ಯೋಗವು ವ್ಯಕ್ತಿಯ ದೋಷವಲ್ಲ, ಉದ್ಯಮದ ಸಮಸ್ಯೆ ಎಂಬುದು ಅದರ ಶೀರ್ಷಿಕೆಯಲ್ಲಿಯೇ ಅಡಗಿತ್ತು. ಋತುಮಾನದ ಏರುಪೇರು, ವ್ಯಾಪಾರದ ಉಬ್ಬರವಿಳಿತ, ಹೊಸ ಯಂತ್ರಗಳಿಂದ ಹಳೆಯ ಕಸುಬುಗಳ ಅಳಿವು, ದಿನಗೂಲಿಯ ಅನಿಶ್ಚಿತತೆ ಹೀಗೆ ನಿರುದ್ಯೋಗದ ಕಾರಣಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ಮದ್ದು ಬೇಕೆಂದು ಅವರು ವಾದಿಸಿದ್ದರು.

1910ರ ಫೆಬ್ರವರಿ 1

1909ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸಂಸತ್ತು ಉದ್ಯೋಗ ಕೇಂದ್ರಗಳ ಕಾಯಿದೆಗೆ ಅಂಗೀಕಾರ ನೀಡಿತು. 1910ರ ಫೆಬ್ರವರಿ 1ರಂದು ಮೊದಲ ಕಂತಿನಲ್ಲಿ 62 ಕೇಂದ್ರಗಳು ಬಾಗಿಲು ತೆರೆದವು. ನಿರ್ದೇಶಕರಾದ ಬೆವರಿಜ್‌ಗೆ ಆಗ ಇನ್ನೂ 31 ತುಂಬಿರಲಿಲ್ಲ. ಮೊದಲ ಮಹಾಯುದ್ಧ ಆರಂಭವಾಗುವ ವೇಳೆಗೆ ಕೇಂದ್ರಗಳ ಸಂಖ್ಯೆ 400ನ್ನು ಮೀರಿತ್ತು.

ಕೇಂದ್ರದ ಕಾರ್ಯವಿಧಾನ ಸರಳವಾಗಿತ್ತು. ಕೆಲಸ ಬೇಕಾದವನು ತನ್ನ ಕಸುಬು, ಅನುಭವಗಳನ್ನು ನೋಂದಾಯಿಸುವುದು. ಆಳು ಬೇಕಾದ ಮಾಲೀಕ ತನ್ನಲ್ಲಿರುವ ಖಾಲಿ ಸ್ಥಾನವನ್ನು ತಿಳಿಸುವುದು. ಎರಡನ್ನೂ ತಾಳೆ ನೋಡಿ ಸಿಬ್ಬಂದಿ ಇಬ್ಬರನ್ನೂ ಸೇರಿಸುವುದು. ಆ ಊರಿನಲ್ಲಿ ತಕ್ಕವನು ಸಿಗದಿದ್ದರೆ ಪ್ರಾದೇಶಿಕ ಕಚೇರಿಯ ಮೂಲಕ ಬೇರೆ ಊರುಗಳಿಗೆ ಸುದ್ದಿ ಹೋಗುತ್ತಿತ್ತು. ದೂರದ ಊರಿನ ಕೆಲಸಕ್ಕೆ ಹೊರಟವನಿಗೆ ಪ್ರಯಾಣದ ವೆಚ್ಚವನ್ನು ಸಾಲವಾಗಿ ಕೊಡಲು ಅವಕಾಶವಿತ್ತು. ಕೆಲಸ ಹುಡುಕಿಕೊಟ್ಟದ್ದಕ್ಕೆ ಕಾರ್ಮಿಕನಿಂದ ಕಾಸೂ ಪಡೆಯುವಂತಿರಲಿಲ್ಲ. ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಭವಿಷ್ಯವಿಲ್ಲದ ಕೂಲಿಯ ಬದಲು ಕಸುಬು ಕಲಿಯುವ ದಾರಿ ತೋರಲು ಪ್ರತ್ಯೇಕ ಸಲಹಾ ಸಮಿತಿಗಳೂ ಏರ್ಪಟ್ಟವು.

ಕಾರ್ಮಿಕ ಸಂಘಗಳು ಮೊದಲಿಗೆ ಈ ಕೇಂದ್ರಗಳನ್ನು ಶಂಕೆಯಿಂದಲೇ ನೋಡಿದವು. ಮುಷ್ಕರ ಮುರಿಯಲು ಆಳುಗಳನ್ನು ಒದಗಿಸುವ, ಅಗ್ಗದ ಕೂಲಿಗೆ ಜನರನ್ನು ದೂಡುವ ಹೊಸ ಸಾಧನವಿದು ಎಂಬುದು ಅವುಗಳ ಭಯ. ಅದನ್ನರಿತು ಕಾಯಿದೆಯಲ್ಲಿಯೇ ಒಂದು ರಕ್ಷಣೆಯನ್ನು ಸೇರಿಸಲಾಗಿತ್ತು. ಕೈಗಾರಿಕಾ ವಿವಾದ ನಡೆದಿರುವ ಕಡೆಯ ಕೆಲಸವನ್ನಾಗಲಿ, ಆ ಊರಿನ ರೂಢಿಯ ಕೂಲಿಗಿಂತ ಕಡಿಮೆ ಕೂಲಿಯ ಕೆಲಸವನ್ನಾಗಲಿ ಒಲ್ಲೆನೆಂದ ಕಾರ್ಮಿಕನಿಗೆ ಯಾವ ತೊಂದರೆಯೂ ಆಗುವಂತಿರಲಿಲ್ಲ. ಮಾಲೀಕರ ಮೇಲೂ ಬಲವಂತವಿರಲಿಲ್ಲ. ಕೇಂದ್ರದ ಬಳಕೆ ಇಬ್ಬರಿಗೂ ಐಚ್ಛಿಕ. ಇದರಿಂದಾಗಿ, ಬೆವರಿಜ್‌ರನ್ನು ಈ ಮಾರ್ಗಕ್ಕೆ ಎಳೆತಂದ ಬಂದರು ಕೂಲಿಗಳ ಸಮಸ್ಯೆ ಮಾತ್ರ ಬೇಗ ಬಗೆಹರಿಯಲಿಲ್ಲ. 1912ರಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಒಂದು ನೋಂದಣಿ ಯೋಜನೆ ಆರಂಭವಾಯಿತಾದರೂ ರಾಷ್ಟ್ರವ್ಯಾಪಿ ವ್ಯವಸ್ಥೆಗೆ ಬ್ರಿಟನ್ 1947ರವರೆಗೆ ಕಾಯಬೇಕಾಯಿತು. ಅದೇ ತತ್ವದ ಮೇಲೆ ಭಾರತವೂ 1948ರಲ್ಲಿ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆಯನ್ನು ತಂದಿತು.

ವಿಮೆಯ ಜೋಡಣೆ

ಕೆಲಸ ಹುಡುಕಿಕೊಡುವುದು ಒಂದು ಭಾಗ. ಸಿಗುವವರೆಗೆ ಮನೆಯ ಒಲೆ ಉರಿಯಬೇಕಾದದ್ದು ಇನ್ನೊಂದು ಭಾಗ. 1911ರ ರಾಷ್ಟ್ರೀಯ ವಿಮಾ ಕಾಯಿದೆಯ ಎರಡನೆಯ ಅಧ್ಯಾಯವನ್ನು ಇಲಾಖೆಯ ಹಿರಿಯ ಅಧಿಕಾರಿ ಹ್ಯೂಬರ್ಟ್ ಲೆವೆಲಿನ್ ಸ್ಮಿತ್ ಅವರ ಜೊತೆಗೂಡಿ ಬೆವರಿಜ್ ರೂಪಿಸಿದರು. ಕಟ್ಟಡ ನಿರ್ಮಾಣ, ಹಡಗು ನಿರ್ಮಾಣ, ಯಂತ್ರೋಪಕರಣ ಮೊದಲಾಗಿ ಏರುಪೇರು ಹೆಚ್ಚಿದ್ದ ಏಳು ಉದ್ದಿಮೆಗಳ ಸುಮಾರು 22.5 ಲಕ್ಷ ಕಾರ್ಮಿಕರು ಅದರ ವ್ಯಾಪ್ತಿಗೆ ಬಂದರು. ಕಾರ್ಮಿಕ ಮತ್ತು ಮಾಲೀಕ ವಾರಕ್ಕೆ ತಲಾ ಎರಡೂವರೆ ಪೆನ್ನಿ ಕಟ್ಟಬೇಕು. ಸರ್ಕಾರ ತನ್ನ ಪಾಲು ಸೇರಿಸಬೇಕು. ಕೆಲಸ ಹೋದಾಗ ವಾರಕ್ಕೆ 7 ಷಿಲಿಂಗ್‌ನಂತೆ ವರ್ಷಕ್ಕೆ ಗರಿಷ್ಠ 15 ವಾರ ಭತ್ಯೆ ದೊರೆಯುತ್ತಿತ್ತು.

ಈ ಎರಡು ವ್ಯವಸ್ಥೆಗಳು ಒಂದಕ್ಕೊಂದು ಆಧಾರವಾಗಿದ್ದವು. ಭತ್ಯೆ ಬೇಕಾದವನು ತನ್ನ ವಿಮಾ ಪುಸ್ತಕವನ್ನು ಕೇಂದ್ರದಲ್ಲಿಟ್ಟು, ಅಲ್ಲಿಗೇ ಬಂದು ಸಹಿ ಹಾಕಬೇಕು. ತಕ್ಕ ಕೆಲಸ ಇದೆಯೋ ಇಲ್ಲವೋ ಎಂಬುದನ್ನು ಕೇಂದ್ರವೇ ಬಲ್ಲದು. ಆದ್ದರಿಂದ ಅರ್ಜಿದಾರ ನಿಜವಾಗಿ ನಿರುದ್ಯೋಗಿಯೇ ಎಂದು ಪರೀಕ್ಷಿಸಲು ದುಡಿಮೆ ಮನೆಯ ಅವಮಾನ ಬೇಕಿರಲಿಲ್ಲ. ಭಿಕ್ಷೆಯ ಜಾಗದಲ್ಲಿ ಹಕ್ಕು ಬಂದದ್ದು ಹೀಗೆ. ಸರ್ಕಾರವೊಂದು ಇಷ್ಟು ವಿಶಾಲವಾಗಿ, ಕಡ್ಡಾಯವಾಗಿ ನಿರುದ್ಯೋಗ ವಿಮೆಯನ್ನು ಜಾರಿಗೊಳಿಸಿದ್ದು ಜಗತ್ತಿನಲ್ಲಿ ಅದೇ ಮೊದಲು.

ಕೆಲಸವೇ ಇಲ್ಲದ ಕಾಲ

ಯುದ್ಧಕಾಲದಲ್ಲಿ ಮದ್ದುಗುಂಡು ಮತ್ತು ಆಹಾರ ಸಚಿವಾಲಯಗಳಲ್ಲಿ ದುಡಿದ ಬೆವರಿಜ್, 1919ರಲ್ಲಿ ಸರ್ಕಾರಿ ಸೇವೆ ತೊರೆದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ನಿರ್ದೇಶಕರಾದರು. 1937ರವರೆಗೆ ಆ ಹುದ್ದೆಯಲ್ಲಿದ್ದು ಸಂಸ್ಥೆಯನ್ನು ಬಹುವಾಗಿ ಬೆಳೆಸಿದರು. ಹಠಮಾರಿ, ಯಾರ ಮಾತನ್ನೂ ಕೇಳದವರು ಎಂಬ ಅಪವಾದವೂ ಅಲ್ಲಿಯೇ ಬೆಳೆಯಿತು.

ಇತ್ತ ಅವರು ಕಟ್ಟಿದ ವ್ಯವಸ್ಥೆ ಅಗ್ನಿಪರೀಕ್ಷೆಗೆ ಒಳಗಾಯಿತು. 1920ರಲ್ಲಿ ವಿಮೆಯನ್ನು ಬಹುತೇಕ ಎಲ್ಲ ಉದ್ದಿಮೆಗಳಿಗೂ ವಿಸ್ತರಿಸಿದ ಬೆನ್ನಿಗೇ ಮಾರುಕಟ್ಟೆ ಕುಸಿಯಿತು. 1921ರಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ಮೀರಿತು. 1930ರ ದಶಕದ ಆರಂಭದಲ್ಲಿ 30 ಲಕ್ಷದ ಸಮೀಪಕ್ಕೆ ಬಂತು. ಕಲ್ಲಿದ್ದಲು ಗಣಿಗಳ, ಹತ್ತಿ ಗಿರಣಿಗಳ, ಹಡಗು ಕಟ್ಟುವ ಊರುಗಳ ಕೇಂದ್ರಗಳಲ್ಲಿ ಕೊಡಲು ಕೆಲಸವೇ ಇರಲಿಲ್ಲ. ಕೆಲಸ ಹುಡುಕಿಕೊಡಬೇಕಾದ ಕಚೇರಿಗಳು ಭತ್ಯೆ ಹಂಚುವ, ಸಹಿ ಹಾಕಿಸುವ ಕಚೇರಿಗಳಾಗಿ ಮಾರ್ಪಟ್ಟವು. ತಾನು ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿದ್ದೇನೆಂದು ನಿರುದ್ಯೋಗಿಯೇ ಸಾಬೀತುಪಡಿಸಬೇಕೆಂಬ ಕಠಿಣ ನಿಯಮ 1930ರವರೆಗೂ ಜಾರಿಯಲ್ಲಿದ್ದು, ಇಲ್ಲದ ಕೆಲಸವನ್ನು ಅರಸಿ ಸಾವಿರಾರು ಜನ ಬೀದಿ ಬೀದಿ ಅಲೆಯುವಂತಾಯಿತು. ಬೆವರಿಜ್ ವಿರೋಧಿಸಿದ್ದ ಹಳೆಯ ಅನುಮಾನ ಅವರದೇ ಕಚೇರಿಯ ಕಿಟಕಿಯಿಂದ ಇಣುಕಿತ್ತು.

ಇದೇ ಅವಧಿಯಲ್ಲಿ ಅವರು ಮತ್ತೊಂದು ಬಗೆಯ ಉದ್ಯೋಗ ಸೇವೆಗೂ ಕಾರಣರಾದರು. 1933ರಲ್ಲಿ ವಿಯೆನ್ನಾದಲ್ಲಿದ್ದಾಗ, ಜರ್ಮನಿಯ ನಾಜಿ ಸರ್ಕಾರ ಯಹೂದಿ ಹಾಗೂ ಭಿನ್ನಮತದ ಪ್ರಾಧ್ಯಾಪಕರನ್ನು ವಜಾ ಮಾಡಿದ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದರು. ಲಂಡನ್ನಿಗೆ ಮರಳಿದ ಕೂಡಲೇ ವಿಜ್ಞಾನಿ ಅರ್ನೆಸ್ಟ್ ರುದರ್‌ಫರ್ಡ್ ಅವರ ಅಧ್ಯಕ್ಷತೆಯಲ್ಲಿ ವಿದ್ವಾಂಸರ ನೆರವಿನ ಮಂಡಳಿಯೊಂದು ರೂಪುಗೊಂಡಿತು. ನೌಕರಿ ಕಳೆದುಕೊಂಡು ದೇಶ ಬಿಟ್ಟ ವಿದ್ವಾಂಸರಿಗೆ ಅದು ಹಣ ಒದಗಿಸಿತು. ವಿಶ್ವವಿದ್ಯಾಲಯಗಳಲ್ಲಿ ಸ್ಥಾನ ಹುಡುಕಿಕೊಟ್ಟಿತು. ಮುಂದೆ ನೊಬೆಲ್ ಪುರಸ್ಕಾರ ಪಡೆದ ಹಲವರು ಅದರ ನೆರವಿನಿಂದ ಬದುಕು ಕಟ್ಟಿಕೊಂಡವರು.

1942ರ ವರದಿ

ಎರಡನೆಯ ಮಹಾಯುದ್ಧದ ವೇಳೆ ದೇಶದ ಮಾನವಶಕ್ತಿಯ ಹೊಣೆ ತಮಗೆ ಸಿಗಬಹುದೆಂದು ಬೆವರಿಜ್ ನಿರೀಕ್ಷಿಸಿದ್ದರು. ಆದರೆ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್‌ಗೂ ಅವರಿಗೂ ಹೊಂದಲಿಲ್ಲ. 1941ರಲ್ಲಿ ಸಾಮಾಜಿಕ ವಿಮೆಯ ಕುರಿತ ಒಂದು ಸಮಿತಿಗೆ ಅವರನ್ನು ನೇಮಿಸಲಾಯಿತು. ಮೂಲೆಗುಂಪು ಮಾಡಲೆಂದು ಕೊಟ್ಟ ಆ ಹೊಣೆಯೇ ಅವರನ್ನು ಚಿರಸ್ಥಾಯಿಯಾಗಿಸಿತು. 1942ರ ಡಿಸೆಂಬರ್ ಆರಂಭದಲ್ಲಿ ಪ್ರಕಟವಾದ ಬೆವರಿಜ್ ವರದಿಯನ್ನು ಕೊಳ್ಳಲು ಜನ ಸಾಲುಗಟ್ಟಿದರು. ಸಂಕ್ಷಿಪ್ತ ಆವೃತ್ತಿಯೂ ಸೇರಿ 6 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಕೊರತೆ, ರೋಗ, ಅಜ್ಞಾನ, ಕೊಳಕು ವಸತಿ ಮತ್ತು ನಿರುದ್ಯೋಗ ಇವೇ ಸಮಾಜವನ್ನು ಕಾಡುವ ಐದು ರಾಕ್ಷಸರೆಂದು ವರದಿ ಹೆಸರಿಸಿತು.

ನಿರುದ್ಯೋಗ ಭತ್ಯೆಗೆ ವಾರಗಳ ಮಿತಿ ಇರಕೂಡದು, ಆದರೆ ನಿರ್ದಿಷ್ಟ ಅವಧಿಯ ಬಳಿಕವೂ ಕೆಲಸ ಸಿಗದವರು ತರಬೇತಿ ಕೇಂದ್ರಕ್ಕೆ ಸೇರಬೇಕು, ಹೊಸ ಕಸುಬು ಕಲಿಯುವವರಿಗೆ ತರಬೇತಿ ಭತ್ಯೆ ದೊರೆಯಬೇಕು ಎಂಬುದು ಅವರ ಸಲಹೆ. ವಿವಾಹಿತ ಮಹಿಳೆಯನ್ನು ಗಂಡನ ಆಶ್ರಿತೆಯೆಂದೇ ವರದಿ ಎಣಿಸಿದ್ದು ಆಗಲೇ ಟೀಕೆಗೆ ಗುರಿಯಾಯಿತು.

1944ರಲ್ಲಿ ಪ್ರಕಟಿಸಿದ ಪೂರ್ಣ ಉದ್ಯೋಗವನ್ನು ಕುರಿತ ಗ್ರಂಥದಲ್ಲಿ ಅವರ ಚಿಂತನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೆಲಸ ಹುಡುಕುವವರ ಸಂಖ್ಯೆಗಿಂತ ಖಾಲಿ ಕೆಲಸಗಳ ಸಂಖ್ಯೆ ಸದಾ ಹೆಚ್ಚಿರಬೇಕು, ಅದಕ್ಕಾಗಿ ಸರ್ಕಾರವೇ ವೆಚ್ಚ ಮಾಡಿ ಬೇಡಿಕೆಯನ್ನು ಎತ್ತಿ ಹಿಡಿಯಬೇಕು ಎಂದು ಅವರು ಪ್ರತಿಪಾದಿಸಿದರು. ಕೂಲಿ ಮಾರುಕಟ್ಟೆಯನ್ನು ಸರಿಪಡಿಸಿದರೆ ಸಾಕೆಂದು 1909ರಲ್ಲಿ ನಂಬಿದ್ದವರು, ಅದು ಅಗತ್ಯವಾದರೂ ಸಾಲದೆಂದು 35 ವರ್ಷಗಳ ಅನುಭವದಿಂದ ಕಂಡುಕೊಂಡಿದ್ದರು.

ಅದೇ ವರ್ಷ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದ ಬೆವರಿಜ್, 1945ರ ಮಹಾಚುನಾವಣೆಯಲ್ಲಿ ಸೋತರು. ಅವರ ಯೋಜನೆಯ ಬಹುಭಾಗವನ್ನು ಅನುಷ್ಠಾನಕ್ಕೆ ತಂದದ್ದು ಕ್ಲೆಮೆಂಟ್ ಆಟ್ಲಿ ನೇತೃತ್ವದ ಲೇಬರ್ ಸರ್ಕಾರ. 1946ರಲ್ಲಿ ಲಾರ್ಡ್ ಪದವಿ ಪಡೆದ ಅವರು 1963ರ ಮಾರ್ಚ್ 16ರಂದು ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಆಗ ಅವರಿಗೆ 84 ವರ್ಷ.

ಭಾರತಕ್ಕೆ ಬಂದ ಬಗೆ

ಭಾರತದಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ಆರಂಭವಾದದ್ದು 1945ರಲ್ಲಿ. ಯುದ್ಧ ಮುಗಿದು ಸೇನೆಯಿಂದ ಬಿಡುಗಡೆಯಾದ ಯೋಧರಿಗೆ ಕೆಲಸ ಕೊಡಿಸುವುದು ಅವುಗಳ ಮೊದಲ ಗುರಿ. ದೇಶ ವಿಭಜನೆಯ ಬಳಿಕ ನಿರಾಶ್ರಿತರಿಗೂ, ಅನಂತರ ಎಲ್ಲ ಉದ್ಯೋಗಾಕಾಂಕ್ಷಿಗಳಿಗೂ ಬಾಗಿಲು ತೆರೆಯಿತು. ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾಗಿ, ಇಂದು ಐಟಿಐ ಎಂದೇ ಮನೆಮಾತಾಗಿರುವ ಸಂಸ್ಥೆಗಳು ಬೆಳೆದವು. 1956ರ ನವೆಂಬರ್ 1ರಂದು, ಭಾಷಾವಾರು ರಾಜ್ಯಗಳು ಉದಯಿಸಿದ ದಿನವೇ, ಕೇಂದ್ರಗಳ ದೈನಂದಿನ ಆಡಳಿತ ರಾಜ್ಯಗಳ ಕೈಗೆ ಬಂತು. ಖಾಲಿ ಹುದ್ದೆಗಳನ್ನು ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆ 1959ರಲ್ಲಿ ರೂಪುಗೊಂಡಿತು. ಖಾಸಗಿ ವಲಯದಲ್ಲಿ 25 ಮತ್ತು ಅದಕ್ಕಿಂತ ಹೆಚ್ಚು ನೌಕರರಿದ್ದ ಸಂಸ್ಥೆಗಳು ಅದರ ವ್ಯಾಪ್ತಿಯಲ್ಲಿದ್ದವು. ಆದರೆ ಆ ಕಾಯಿದೆ ಹುದ್ದೆಯನ್ನು ತಿಳಿಸಬೇಕೆಂದಿತೇ ಹೊರತು, ಕೇಂದ್ರ ಕಳುಹಿಸಿದವರನ್ನೇ ನೇಮಿಸಬೇಕೆನ್ನಲಿಲ್ಲ. ಕೇಂದ್ರದ ಪಟ್ಟಿಯೊಂದೇ ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಿಸಿ ಎಲ್ಲರಿಗೂ ಅವಕಾಶ ನೀಡಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತ ಮೇಲೆ ಸರ್ಕಾರಿ ನೇಮಕಾತಿಯಲ್ಲಿಯೂ ಕೇಂದ್ರಗಳ ಮಹತ್ವ ತಗ್ಗಿತು.

2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಮೂಲಕ ನೋಂದಣಿ ಕಂಪ್ಯೂಟರಿಗೆ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆ 1959ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು, ವಿನಿಮಯ ಕೇಂದ್ರಕ್ಕೆ ವೃತ್ತಿ ಕೇಂದ್ರವೆಂಬ ಹೊಸ ಹೆಸರಿತ್ತಿತು. ಕರ್ನಾಟಕ ಸರ್ಕಾರ 2023ರಲ್ಲಿ ಯುವನಿಧಿ ಯೋಜನೆಯನ್ನು ಪ್ರಕಟಿಸಿ, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ನೀಡಲು ಮುಂದಾಯಿತು. ಕೆಲಸ ಸಿಕ್ಕಿಲ್ಲವೆಂದು ಫಲಾನುಭವಿಯೇ ಘೋಷಣೆ ಸಲ್ಲಿಸಬೇಕೆಂಬ ಅದರ ನಿಯಮದಲ್ಲಿ 1911ರ ಸಹಿ ಪದ್ಧತಿಯ ನೆರಳು ಕಾಣುತ್ತದೆ. ಆದರೆ ಬೆವರಿಜ್ ಯೋಜನೆಯಲ್ಲಿದ್ದ ವಿಮಾ ಕಂತು ಇಲ್ಲಿಲ್ಲ. ಭತ್ಯೆಯ ಹಣ ಪೂರ್ಣವಾಗಿ ಸರ್ಕಾರದ್ದು.

ನಿರುದ್ಯೋಗಿಯನ್ನು ಆರೋಪಿಯಂತೆ ಕಾಣಬಾರದು, ಅವನಿಗೆ ಕೆಲಸದ ಸುಳಿವು, ಕಾಯುವ ಕಾಲದ ಅನ್ನ, ಕಲಿಯಲೊಂದು ಕಸುಬು ಈ ಮೂರನ್ನೂ ಒಂದೇ ಸೂರಿನಡಿ ಒದಗಿಸಬೇಕು ಎಂಬುದು ಬೆವರಿಜ್ ಬಿಟ್ಟುಹೋದ ಪಾಠ. ನೋಂದಣಿ ಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಇಲ್ಲದ ಕೆಲಸವನ್ನು ಸೃಷ್ಟಿಸಲಾರದು ಎಂಬುದು ಅವರ ಬದುಕೇ ಕಲಿಸಿದ ಇನ್ನೊಂದು ಪಾಠ. ಉದ್ಯೋಗ ಮೇಳಗಳೂ ಕೌಶಲ ಕೇಂದ್ರಗಳೂ ಊರೂರಿಗೆ ಬಂದಿರುವ ಈ ದಿನಗಳಲ್ಲಿ ಎರಡನೆಯ ಪಾಠವನ್ನು ಆಳುವವರು ಮರೆಯದಿದ್ದರೆ ಮೊದಲನೆಯದಕ್ಕೆ ಬೆಲೆ ಬರುತ್ತದೆ.